ಪೈಥಾನ್‌ನಲ್ಲಿ ಮೆಣಸಿನ ಗಿಡ, ಬಳ್ಳಾರಿ ಜಾಲಿ ಬೆಳೆಸುವುದು ಹೇಗೆ?

"ಕಂಪ್ಯೂಟರಿನಲ್ಲಿ ತಾನಾಗಿ ಬೆಳೆಯುವ ಗಿಡ ಮಾಡಬೇಕು ಸರ್, ಪ್ರಾಜೆಕ್ಟಿಗೆ ಬೇಕು, ಎಲ್ಲಿಂದ ಶುರು ಮಾಡಲಿ?" ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಬಿಸಿಎ, ಡಿಪ್ಲೊಮಾ, ಎಂಜಿನಿಯರಿಂಗ್ ಓದುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಜೊತೆಗೆ ಕಳಿಸುವ ಪ್ರೋಗ್ರಾಂ ಬಹುತೇಕ ಒಂದೇ ನಮೂನೆ. ಎಲ್ಲಿಂದಲೋ ತಂದ ಮರದ ಕೋಡ್, ಕೋನ ಸ್ವಲ್ಪ ಬದಲು, ಬಣ್ಣ ಸ್ವಲ್ಪ ಬದಲು. ಅದು ಮರದ ಚಿತ್ರ, ಅಷ್ಟೇ. ನೀರು ಕಡಿಮೆಯಾದರೆ ಒಣಗುವುದಿಲ್ಲ, ಕಡಿದರೆ ಚಿಗುರುವುದಿಲ್ಲ.

ಹಾಗಾಗಿ ಇಲ್ಲಿ ನಮ್ಮ ಕಡೆಯವೇ ಎರಡು ಗಿಡ ಹಿಡಿದುಕೊಂಡಿದ್ದೇನೆ: ಮೆಣಸಿನಕಾಯಿ ಮತ್ತು ಬಳ್ಳಾರಿ ಜಾಲಿ. ಎರಡನ್ನೂ ಕೈಯಲ್ಲಿ ಹಿಡಿದು ನೋಡಲು ನೀವು ದೂರ ಹೋಗಬೇಕಿಲ್ಲ. ಲೇಖನ ಓದುವ ಮೊದಲೇ ಒಂದು ಮೆಣಸಿನ ಗಿಡದ ಹತ್ತಿರ ಹೋಗಿ ಕೂತು ಬನ್ನಿ. ಈ ಕೆಲಸದಲ್ಲಿ ಅರ್ಧ ಪಾಲು ನೋಡುವುದೇ.

ಮೊದಲು ಮೂರು ಪದ

ಕೃತಕ ಜೀವ: ಜೀವಿಗಳು ಬೆಳೆಯುವ, ಹಂಚಿಕೊಳ್ಳುವ, ಸಾಯುವ, ಮರಿ ಹಾಕುವ ರೀತಿಯನ್ನು ಪ್ರೋಗ್ರಾಂನಲ್ಲಿ ಕಟ್ಟಿ ನೋಡುವ ವಿದ್ಯೆ. ಕ್ರಿಸ್ಟೊಫರ್ ಲ್ಯಾಂಗ್ಟನ್ 1987ರಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಇದರ ಮೊದಲ ಕಾರ್ಯಾಗಾರ ನಡೆಸಿದರು. ಈ ಹೆಸರು ನೆಲೆ ನಿಂತದ್ದು ಅಲ್ಲಿಂದ.

ರಿಕರ್ಷನ್: ಒಂದು ಫಂಕ್ಷನ್ ತನ್ನ ಕೆಲಸದ ನಡುವೆ ತನ್ನನ್ನೇ ಮತ್ತೆ ಕರೆಯುವುದು. ಕೊಂಬೆಯ ಮೇಲೆ ಇನ್ನೊಂದು ಚಿಕ್ಕ ಕೊಂಬೆ, ಅದರ ಮೇಲೆ ಇನ್ನೂ ಚಿಕ್ಕದು. ಗಿಡಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ.

ಎಲ್-ಸಿಸ್ಟಂ: ಅಕ್ಷರಗಳನ್ನು ನಿಯಮದ ಪ್ರಕಾರ ಬದಲಿಸುತ್ತ ಹೋಗುವ ಪದ್ಧತಿ. ಹಂಗೇರಿ ಮೂಲದ ಜೀವವಿಜ್ಞಾನಿ ಅರಿಸ್ಟಿಡ್ ಲಿಂಡೆನ್‌ಮಯರ್ 1968ರಲ್ಲಿ ಇದನ್ನು ಮುಂದಿಟ್ಟರು. ಅವರ ಹೆಸರಿನ ಮೊದಲಕ್ಷರವೇ ಆ 'ಎಲ್'. ಅವರ ಹೆಸರಾಂತ ಪಾಚಿಯ ಉದಾಹರಣೆಯಲ್ಲಿ ನಿಯಮ ಎರಡೇ. ನಮ್ಮ ಅಕ್ಷರದಲ್ಲಿ ಬರೆದರೆ: ಅ → ಅಬ, ಬ → ಅ. ಶುರು 'ಅ'. ಮುಂದೆ ಅಬ, ಅಬಅ, ಅಬಅಅಬ... ಉದ್ದ ಎಣಿಸಿ ನೋಡಿ: 1, 2, 3, 5, 8, 13. ಹಿಂದಿನ ಎರಡು ಕೂಡಿದರೆ ಮುಂದಿನದು ಸಿಗುವ ಫಿಬೊನಾಚಿ ಸರಣಿ ಕರೆಯದೇ ಬಂದಿದೆ.

ಬೇಕಾಗುವುದು

ಪೈಥಾನ್ 3 ಇರುವ ಯಾವುದಾದರೂ ಲ್ಯಾಪ್‌ಟಾಪ್. ಹಳೆಯದಾದರೂ ನಡೆಯುತ್ತದೆ. ಚಿತ್ರ ಬಿಡಿಸಲು ಪೈಥಾನ್ ಜೊತೆಗೇ ಬರುವ 'ಟರ್ಟಲ್' ಸಾಕು: ಪರದೆಯ ಮೇಲೆ ಒಂದು ಆಮೆ, ಮುಂದೆ ಹೋಗು, ತಿರುಗು ಎಂದರೆ ಗೆರೆ ಎಳೆಯುತ್ತ ಹೋಗುತ್ತದೆ.

ಇಲ್ಲೇ ಇಬ್ಬರಲ್ಲಿ ಒಬ್ಬರು ಸಿಕ್ಕಿಕೊಳ್ಳುತ್ತಾರೆ. ಕಾಲೇಜು ಲ್ಯಾಬಿನಲ್ಲಿ ಉಬುಂಟು ಇದ್ದರೆ ಟರ್ಟಲ್ ತೆರೆಯದೇ ಇರಬಹುದು, ಏಕೆಂದರೆ ಅದಕ್ಕೆ ಬೇಕಾದ, ಕಿಟಕಿ ತೆರೆಯುವ ಟಿಕೆ-ಇಂಟರ್ ಅಲ್ಲಿ ಬೇರೆ ಪ್ಯಾಕೇಜು. ಲ್ಯಾಬಿನವರಿಗೆ ಹೇಳಿ ಹಾಕಿಸಿಕೊಳ್ಳಿ. ಬ್ರೌಸರಿನಲ್ಲೇ ಪೈಥಾನ್ ಓಡಿಸುವ ಗೂಗಲ್ ಕೊಲ್ಯಾಬ್‌ನಲ್ಲಿ ಟರ್ಟಲ್ ನೇರವಾಗಿ ಓಡುವುದಿಲ್ಲ, ಅಲ್ಲಿ ಕಿಟಕಿ ತೆರೆಯಲು ಪರದೆಯೇ ಇಲ್ಲ.

ಹಂತ 1: ಗಿಡ ನೋಡಿ, ನಿಯಮ ಹಿಡಿಯಿರಿ

ಮೆಣಸಿನ ಸಸಿ ಮೊದಲಿಗೆ ಒಂದೇ ಕಾಂಡವಾಗಿ ಏಳುತ್ತದೆ. ಒಂದಷ್ಟು ಎಲೆ ಬಿಟ್ಟ ಮೇಲೆ ತುದಿಯಲ್ಲಿ ಮೊದಲ ಮೊಗ್ಗು ಕಾಣುತ್ತದೆ. ಅಲ್ಲಿಗೆ ಆ ತುದಿಯ ಕಥೆ ಮುಗಿಯಿತು, ಅದು ಹೂವಾಯಿತು. ಮೊಗ್ಗಿನ ಬುಡದಿಂದ ಎರಡು ಕವಲು ಹೊರಡುತ್ತವೆ, ಕೆಲವು ಸಲ ಮೂರು. ಹೂವು ಆ ಸಂದಿಯಲ್ಲೇ ಉಳಿಯುತ್ತದೆ. ಪ್ರತಿ ಕವಲೂ ಸ್ವಲ್ಪ ಬೆಳೆದು, ತುದಿಯಲ್ಲಿ ಹೂವಾಗಿ, ಮತ್ತೆ ಎರಡಾಗುತ್ತದೆ. ಕಾಯಿ ಬಿಡಿಸಿದವರಿಗೆ ಇದು ಗೊತ್ತಿರುತ್ತದೆ: ಕಾಯಿ ಸಿಗುವುದು ಕವಲಿನ ಸಂದಿಯಲ್ಲಿ.

ಇದನ್ನು ಅಕ್ಷರಕ್ಕೆ ಇಳಿಸೋಣ. ತ ಎಂದರೆ ಬೆಳೆಯುವ ತುದಿ, ಕ ಎಂದರೆ ಕಾಂಡದ ಒಂದು ತುಂಡು, ಹ ಎಂದರೆ ಹೂವು. + ಎಡಕ್ಕೆ ತಿರುಗು, - ಬಲಕ್ಕೆ ತಿರುಗು. [ ಎಂದರೆ ನಿಂತ ಜಾಗ ನೆನಪಿಟ್ಟುಕೋ, ] ಎಂದರೆ ಆ ಜಾಗಕ್ಕೆ ಮರಳು. ಆಗ ಇಡೀ ಮೆಣಸಿನ ಗಿಡ ಒಂದೇ ಸಾಲು:

ತ → ಕಹ[+ತ][-ತ]

ಎರಡನೇ ಸುತ್ತಿಗೆ ಇದು ಹೀಗಾಗುತ್ತದೆ:

ಕಹ[+ಕಹ[+ತ][-ತ]][-ಕಹ[+ತ][-ತ]]

ಕನ್ನಡ ಅಕ್ಷರ ಬಳಸುವಾಗ ಒಂದು ಎಚ್ಚರ. 'ಹೂ' ಎಂದು ಬರೆದರೆ ನಿಮ್ಮ ಕಣ್ಣಿಗೆ ಒಂದು ಅಕ್ಷರ, ಪೈಥಾನ್‌ಗೆ ಎರಡು: 'ಹ' ಬೇರೆ, ದೀರ್ಘದ ಗುರುತು ಬೇರೆ. ಒಂದೊಂದೇ ಅಕ್ಷರ ಓದುವ ಲೂಪ್ ಅಲ್ಲಿ ದಿಕ್ಕು ತಪ್ಪುತ್ತದೆ. ಆದ್ದರಿಂದ ಗುಣಿತ, ಒತ್ತು ಇಲ್ಲದ ಅಕ್ಷರಗಳನ್ನೇ ಇಟ್ಟುಕೊಳ್ಳಿ. ಫಂಕ್ಷನ್‌ಗೆ 'ತುದಿ', 'ಕವಲು' ಎಂದು ಕನ್ನಡದಲ್ಲೇ ಹೆಸರಿಡಬಹುದು, ಪೈಥಾನ್ 3 ಒಪ್ಪುತ್ತದೆ. ಆದರೆ 'ಅಪ್‌ಡೇಟ್' ಥರದ ಪದಗಳಲ್ಲಿ ಒತ್ತು ಕೂಡದಂತೆ ತಡೆಯಲು ಕೀಬೋರ್ಡ್ ಸೇರಿಸುವ ಕಣ್ಣಿಗೆ ಕಾಣದ ಒಂದು ಗುರುತಿರುತ್ತದೆ. ಹೆಸರಿನಲ್ಲಿ ಅದು ಬಂದರೆ ಸಿಂಟ್ಯಾಕ್ಸ್ ಎರರ್. ಎಷ್ಟು ದಿಟ್ಟಿಸಿ ನೋಡಿದರೂ ತಪ್ಪು ಕಾಣುವುದಿಲ್ಲ.

ಹಂತ 2: ರಿಕರ್ಷನ್‌ನಲ್ಲಿ ಬರೆಯಿರಿ

ಅದೇ ನಿಯಮ ಫಂಕ್ಷನ್ ಆದಾಗ:

ತುದಿ (ಸುತ್ತು, ಉದ್ದ):
– ಸುತ್ತು 0 ಆಗಿದ್ದರೆ ಏನೂ ಮಾಡದೆ ಹಿಂದಿರುಗು
– ಉದ್ದದಷ್ಟು ಮುಂದೆ ಸಾಗು, ಹೂ ಇಡು
– ಈಗಿನ ಜಾಗ, ದಿಕ್ಕು ಎರಡನ್ನೂ ನೆನಪಿಟ್ಟುಕೋ
– 30 ಡಿಗ್ರಿ ಎಡಕ್ಕೆ ತಿರುಗಿ, ತುದಿ (ಸುತ್ತು − 1, ಉದ್ದ × 0.8) ಕರೆ
– ನೆನಪಿಟ್ಟ ಜಾಗಕ್ಕೆ, ದಿಕ್ಕಿಗೆ ಮರಳು
– 30 ಡಿಗ್ರಿ ಬಲಕ್ಕೆ ತಿರುಗಿ, ತುದಿ (ಸುತ್ತು − 1, ಉದ್ದ × 0.8) ಕರೆ
– ಮತ್ತೆ ಆ ಜಾಗಕ್ಕೆ, ದಿಕ್ಕಿಗೆ ಮರಳು

ಆಮೆಯ ಮೂತಿ ಮೊದಲು ಮೇಲಕ್ಕೆ ತಿರುಗಿಸಿ (ಶುರುವಿನಲ್ಲಿ ಅದು ಬಲಕ್ಕೆ ನೋಡುತ್ತಿರುತ್ತದೆ), ಸುತ್ತು 6, ಉದ್ದ 80 ಎಂದು ಕರೆಯಿರಿ. ಮೆಣಸಿನ ಗಿಡ ಎದ್ದು ನಿಲ್ಲುತ್ತದೆ.

ನಿಲ್ಲದಿದ್ದರೆ ಇವುಗಳನ್ನು ನೋಡಿ.

ಗಿಡ ಸಿಕ್ಕುಬಿದ್ದ ದಾರದಂತೆ ಬಂದಿದೆಯೇ? ಮರಳುವ ಸಾಲು ಬಿಟ್ಟಿದ್ದೀರಿ, ಇಲ್ಲವೇ ಜಾಗ ಮಾತ್ರ ಉಳಿಸಿ ದಿಕ್ಕು ಮರೆತಿದ್ದೀರಿ. ಮರಳುವಾಗ ಪೆನ್ ಎತ್ತದಿದ್ದರೆ ಕೊಂಬೆಗಳ ನಡುವೆ ಅಡ್ಡಗೆರೆ ಬೀಳುತ್ತದೆ.

ಎಡಭಾಗ ಸರಿ, ಬಲಭಾಗ ಎಲ್ಲೋ ಗಾಳಿಯಲ್ಲಿದೆಯೇ? ನೆನಪಿಟ್ಟ ಜಾಗವನ್ನು ಗ್ಲೋಬಲ್ ವೇರಿಯಬಲ್‌ನಲ್ಲಿ ಇಟ್ಟಿರುತ್ತೀರಿ. ಒಳಗಿನ ಕರೆ ಅದರ ಮೇಲೆ ತನ್ನ ಜಾಗ ಬರೆದುಬಿಡುತ್ತದೆ. ಫಂಕ್ಷನ್ ಒಳಗಿನ ವೇರಿಯಬಲ್ ಆದರೆ ಪ್ರತಿ ಕರೆಗೂ ಬೇರೆ ಬೇರೆ ಪ್ರತಿ ಇರುತ್ತದೆ. ಶಾಲೆಯ ಮಕ್ಕಳು ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್‌ನಲ್ಲಿ ಮಾಡುವಾಗ ತೊಡಕಾಗುವುದೂ ಇಲ್ಲೇ, ಅಲ್ಲಿ ಒಳಗಿನ ವೇರಿಯಬಲ್ ಇಲ್ಲ. ಅಲ್ಲಿ ನೆನಪಿಡುವ ಗೋಜು ಬಿಟ್ಟು, ತಿರುಗಿದಷ್ಟು ಹಿಂದೆ ತಿರುಗಿ, ನಡೆದಷ್ಟು ಹಿಂದೆ ನಡೆಸಿ.

'ರಿಕರ್ಷನ್ ಎರರ್' ಬಂತೇ? ಸುತ್ತು 0 ಆದಾಗ ನಿಲ್ಲುವ ಸಾಲು ಇಲ್ಲ, ಅಥವಾ ಒಂದು ಕಳೆಯುವುದು ಬಿಟ್ಟುಹೋಗಿದೆ. ಪೈಥಾನ್ ಸಾಮಾನ್ಯವಾಗಿ 1000 ಆಳದವರೆಗೆ ಮಾತ್ರ ಬಿಡುತ್ತದೆ. ಆ ಮಿತಿ ಏರಿಸಿಕೊಳ್ಳಿ ಎಂದು ಸಲಹೆ ಕೊಡುವವರಿದ್ದಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಇಂಥ ಗಿಡಕ್ಕೆ 10, 12ರ ಮೇಲೆ ಆಳ ಬೇಕಾಗುವುದು ಅಪರೂಪ.

ಸುತ್ತು ಜಾಸ್ತಿ ಮಾಡುವಾಗ ಲೆಕ್ಕ ಹಾಕಿ. ಒಂದೊಂದು ಸುತ್ತಿಗೂ ತುದಿಗಳು ಎರಡು ಪಟ್ಟು: 10 ಸುತ್ತಿಗೆ 1,024, 20 ಸುತ್ತಿಗೆ 10,48,576. ಅಕ್ಷರದ ಸಾಲಾಗಿ ಬರೆದರೆ 10 ಸುತ್ತಿಗೆ 9,208 ಅಕ್ಷರ, 20ಕ್ಕೆ 94 ಲಕ್ಷ ದಾಟುತ್ತದೆ. ಲ್ಯಾಪ್‌ಟಾಪ್ ಹ್ಯಾಂಗ್ ಆಯಿತು ಎನ್ನುವವರೆಲ್ಲ ಇಲ್ಲೇ ಬಿದ್ದವರು. ಚಿತ್ರ ನಿಧಾನವೆನಿಸಿದರೆ ಟರ್ಟಲ್‌ನ 'ಟ್ರೇಸರ್' 0ಗೆ ಇಟ್ಟು, ಎಲ್ಲ ಮುಗಿದ ಮೇಲೆ ಒಮ್ಮೆ 'ಅಪ್‌ಡೇಟ್' ಕರೆಯಿರಿ. ನಿಮಿಷಗಟ್ಟಲೆ ಕಾಯುವುದು ತಪ್ಪುತ್ತದೆ.

ಹಂತ 3: ಅಳತೆ ಕೆಡಿಸಿ

ಈಗಿರುವ ಗಿಡ ಅಚ್ಚಿನಲ್ಲಿ ಎರೆದಂತಿದೆ. 30 ಡಿಗ್ರಿಯ ಬದಲು ಪ್ರತಿ ಕರೆಯಲ್ಲೂ 22ರಿಂದ 38ರ ನಡುವೆ ಯಾವುದೋ ಒಂದು ಬರಲಿ. ಉದ್ದದ ಅನುಪಾತ 0.7ರಿಂದ 0.9. ನೂರರಲ್ಲಿ ಹತ್ತು ಸಲ ಒಂದು ಕವಲು ಹುಟ್ಟದೇ ಇರಲಿ. ರ್‍ಯಾಂಡಮ್ ಸಂಖ್ಯೆಗೆ ಮೊದಲೇ ಒಂದು ಸೀಡ್ ಕೊಡಿ, ಅಂದರೆ ಯಾವ ಸಂಖ್ಯೆಯಿಂದ ಶುರುವಾಗಬೇಕು ಎಂಬುದನ್ನು ಕಟ್ಟಿಹಾಕಿ. ಆಗ ಅದೇ ಗಿಡ ಮತ್ತೆ ಬೇಕೆಂದಾಗ ಬರುತ್ತದೆ. ಸೀಡ್ ಇಲ್ಲದೆ ಮಾಡಿದ ಚಂದದ ಗಿಡವನ್ನು ವೈವಾ ದಿನ ತೋರಿಸಲಾಗದೆ ನಿಂತವರು ಬಹಳ ಮಂದಿ.

ಹಂತ 4: ಬಳ್ಳಾರಿ ಜಾಲಿ

ಜಾಲಿಯ ನಡೆ ಬೇರೆ. ಮೆಣಸಿನ ತುದಿ ಹೂವಾಗಿ ಮುಗಿದರೆ, ಜಾಲಿಯ ರೆಂಬೆ ಗೆಣ್ಣಿನಿಂದ ಗೆಣ್ಣಿಗೆ ಅತ್ತಿತ್ತ ವಾಲುತ್ತ ಮುಂದೆ ಹೋಗುತ್ತಲೇ ಇರುತ್ತದೆ. ಬೇಲಿಯಿಂದ ಒಂದು ರೆಂಬೆ ಮುರಿದು ನೋಡಿ, ಎಚ್ಚರ, ಗೆಣ್ಣಿನ ಹತ್ತಿರ ಮುಳ್ಳು ಇರುತ್ತವೆ. ಅಂಕುಡೊಂಕು ಸ್ಪಷ್ಟ ಕಾಣುತ್ತದೆ. ಇದಕ್ಕೆ ಎರಡು ಅಕ್ಷರ ಬೇಕು: ಡ ಎಂದರೆ ಎಡಕ್ಕೆ ವಾಲುವ ಸರದಿ, ಬ ಎಂದರೆ ಬಲಕ್ಕೆ ವಾಲುವ ಸರದಿ.

ಡ → +ಕ[+ಸ]-ಬ
ಬ → -ಕ[-ಸ]+ಡ

ಇಲ್ಲಿ ಸ ಎಂದರೆ ಸೊಪ್ಪು. ಕೋನ 20 ಡಿಗ್ರಿ ಇಡಿ. ವಾಲಿದಷ್ಟೂ ವಾಪಸು ತಿರುಗುವುದರಿಂದ ರೆಂಬೆ ಒಟ್ಟಾರೆ ನೇರ ದಿಕ್ಕಿನಲ್ಲೇ ಸಾಗುತ್ತದೆ, ಸೊಪ್ಪು ಬಾಗಿನ ಹೊರಗೆ ಕೂರುತ್ತದೆ. ಮುಳ್ಳು ಬೇಕಿದ್ದರೆ ಗೆಣ್ಣಿನಲ್ಲಿ [+ಮ][-ಮ] ಸೇರಿಸಿ. ಜಾಲಿಗೆ ಒಂದೇ ಬೊಡ್ಡೆ ಇರುವುದು ಕಡಿಮೆ, ಬುಡದಿಂದಲೇ ಹಲವು ಏಳುತ್ತವೆ. ಹಾಗಾಗಿ ಶುರುವಿನ ಸಾಲು [+ಡ][ಬ][-ಡ].

ಸೊಪ್ಪಿನಲ್ಲಿ ಇನ್ನೊಂದು ರಿಕರ್ಷನ್ ಅಡಗಿದೆ. ಜಾಲಿ ಎಲೆ ಎರಡು ಸಲ ಸೀಳಿದ್ದು: ನಡುದಂಟಿನಿಂದ ಕಿರುದಂಟು, ಕಿರುದಂಟಿನ ಎರಡೂ ಕಡೆ ಸಣ್ಣ ಎಸಳು. 'ದಂಟು' ಎಂಬ ಒಂದೇ ಫಂಕ್ಷನ್ ಬರೆದು ಆಳ 2 ಕೊಡಿ. ಆಳ 2ರಲ್ಲಿ ಅದು ಬದಿಗೆ ಕಿರುದಂಟುಗಳನ್ನು ಕರೆಯುತ್ತದೆ, ಆಳ 1ರಲ್ಲಿ ಎಸಳು ಬಿಡಿಸುತ್ತದೆ. ಆಳ 3 ಕೊಟ್ಟರೆ ಯಾವ ಊರಿನಲ್ಲೂ ಇಲ್ಲದ ಎಲೆ ಬರುತ್ತದೆ. ಅದೂ ಒಂದು ಪ್ರಯೋಗವೇ.

ಹಂತ 5: ಗೆರೆಯನ್ನು ಗಿಡ ಮಾಡಿ

ಇಲ್ಲಿಯವರೆಗೆ ಬಂದು ನಿಂತರೆ ನಿಮ್ಮ ಹತ್ತಿರ ಇರುವುದು ಚಂದದ ಚಿತ್ರ. ನಿಜವಾದ ಕೆಲಸ ಈ ಹಂತದಲ್ಲಿದೆ, ಇದಕ್ಕೇ ಹೆಚ್ಚು ಸಮಯ ಕೊಡಿ.

ಆಮೆಯನ್ನು ಸ್ವಲ್ಪ ಬದಿಗಿಡಿ. ಗಿಡದ ಪ್ರತಿ ತುಂಡನ್ನೂ ಒಂದು ಆಬ್ಜೆಕ್ಟ್ ಮಾಡಿ. ಅದರಲ್ಲಿ ವಯಸ್ಸು, ಉದ್ದ, ಕೋನ, ಹಸಿರೋ ಒಣಗಿದೆಯೋ ಎಂಬ ಸ್ಥಿತಿ, ತನ್ನ ಮೇಲೆ ಹುಟ್ಟಿದ ತುಂಡುಗಳ ಪಟ್ಟಿ ಇರಲಿ. ಈ ಪಟ್ಟಿಗೆ 'ಮಕ್ಕಳು' ಎನ್ನೋಣ. ಕ್ಲಾಸ್ ಬರೆಯುವಾಗ ಮಕ್ಕಳು ಎಂಬುದಕ್ಕೆ ಖಾಲಿ ಪಟ್ಟಿಯನ್ನು ಡಿಫಾಲ್ಟ್ ಆಗಿ ಕೊಡಬೇಡಿ. ಪೈಥಾನ್ ಆ ಒಂದೇ ಪಟ್ಟಿಯನ್ನು ಎಲ್ಲ ತುಂಡುಗಳಿಗೂ ಹಂಚುತ್ತದೆ. ತುಂಡು ತನ್ನ ಮಗನೂ ತಾನೇ ಆಗಿ, ರಿಕರ್ಷನ್ ಮುಗಿಯುವುದೇ ಇಲ್ಲ. ಖಾಲಿ ಪಟ್ಟಿಯನ್ನು ಕನ್‌ಸ್ಟ್ರಕ್ಟರ್ ಒಳಗೆ ಹೊಸದಾಗಿ ಮಾಡಿ.

ಈಗ ದಿನದ ಲೆಕ್ಕ. ಪ್ರತಿ ದಿನ ಎರಡು ಓಟ.

ಮೊದಲ ಓಟ ತುದಿಯಿಂದ ಬುಡಕ್ಕೆ: ಪ್ರತಿ ತುಂಡೂ ತನ್ನ ಮಕ್ಕಳನ್ನು "ನಿಮ್ಮಲ್ಲಿ ಬದುಕಿರುವ ತುದಿ ಎಷ್ಟು?" ಎಂದು ಕೇಳಿ, ಕೂಡಿಸಿ, ತನ್ನ ತಾಯಿ ತುಂಡಿಗೆ ಹೇಳುತ್ತದೆ. ಇದೇ ಓಟದಲ್ಲಿ ದಪ್ಪವನ್ನೂ ಲೆಕ್ಕ ಹಾಕಬಹುದು. ಕವಲುಗಳ ಅಡ್ಡಕೊಯ್ತದ ಒಟ್ಟು ವಿಸ್ತೀರ್ಣ ಬುಡದ ವಿಸ್ತೀರ್ಣಕ್ಕೆ ಸುಮಾರಾಗಿ ಸಮ ಎಂದು ಲಿಯೊನಾರ್ಡೊ ಡ ವಿಂಚಿ ಗುರುತಿಸಿದ್ದ. ಅಂದರೆ ತಲಾ 1 ದಪ್ಪದ ಎರಡು ಕವಲು ಇದ್ದರೆ ಕೆಳಗಿನದು 1.41. ಈ ಒಂದು ಲೆಕ್ಕ ಸೇರಿಸಿದರೆ ಕಡ್ಡಿ ಗಿಡಕ್ಕೆ ಮೈ ಬರುತ್ತದೆ.

ಎರಡನೇ ಓಟ ಬುಡದಿಂದ ತುದಿಗೆ: ನೀರು ಹಂಚುವುದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಹೊಲ ಇರುವವರಿಗೆ ಇದನ್ನು ವಿವರಿಸಬೇಕಿಲ್ಲ, ಮೇಲಿನವರು ಎಷ್ಟು ತೆಗೆದುಕೊಳ್ಳುತ್ತಾರೆ ಎಂಬುದರ ಮೇಲೆ ಕೆಳಗಿನವರ ಬೆಳೆ. ಕವಲಿನಲ್ಲಿ ನೀರು, ಪೋಷಣೆ ಎರಡು ಭಾಗವಾಗುವ ಇಂಥ ಮಾದರಿಯನ್ನು ಬೋರ್ಶರ್ಟ್ ಮತ್ತು ಹೋಂಡಾ ಎಂಬ ಸಂಶೋಧಕರು 1984ರಲ್ಲಿ ಪ್ರಕಟಿಸಿದರು. ಅದರಿಂದ ಬೆಳೆದ ಸರಳ ರೂಪ ಹೀಗೆ. ಬಂದ ನೀರು 100. ಮುಖ್ಯ ಕೊಂಬೆಯಲ್ಲಿ 30 ತುದಿ, ಪಕ್ಕದ ಕೊಂಬೆಯಲ್ಲಿ 10. ಸಮನಾಗಿ ನೋಡಿದರೆ 75 ಮತ್ತು 25. ಈಗ ಮುಖ್ಯ ಕೊಂಬೆಯ ಕಡೆ ಒಂದು ಪಕ್ಷಪಾತ ಇಡೋಣ, 0.6. ಆಗ 30 × 0.6 = 18, 10 × 0.4 = 4. ನೀರು 18:4 ಅನುಪಾತದಲ್ಲಿ ಹೋಗುತ್ತದೆ, ಅಂದರೆ ಸುಮಾರು 82 ಮತ್ತು 18.

ಪ್ರತಿ ತುದಿಗೂ ಕೊನೆಗೆ ಏನು ತಲುಪಿತು ನೋಡಿ. 1ಕ್ಕಿಂತ ಹೆಚ್ಚಿದ್ದರೆ ತುದಿ ಕವಲೊಡೆಯಲಿ. ಕಡಿಮೆ ಇದ್ದರೆ ಸುಮ್ಮನಿರಲಿ. ಐದು ದಿನ 0.3ಕ್ಕಿಂತ ಕೆಳಗೇ ಇದ್ದರೆ ಒಣಗಲಿ. ಈ ಸಂಖ್ಯೆಗಳು ನನ್ನ ಆಯ್ಕೆ, ನಿಮಗೆ ಬೇಕಾದಂತೆ ತಿದ್ದಿಕೊಳ್ಳಿ. ಪಕ್ಷಪಾತವನ್ನು 0.45ಕ್ಕೆ ಇಳಿಸಿದರೆ ಗಿಡ ಪೊದೆಯಾಗುತ್ತದೆ, 0.65ಕ್ಕೆ ಏರಿಸಿದರೆ ನೀಳವಾಗಿ ಏಳುತ್ತದೆ. ನೀವು ಆಕಾರವನ್ನು ಎಲ್ಲೂ ಬರೆದಿಲ್ಲ, ಗಮನಿಸಿ. ಸುತ್ತು ಎಷ್ಟು ಎಂದೂ ಈಗ ಹೇಳಬೇಕಿಲ್ಲ, ನೀರು ಸಾಲದೆ ಬಂದಾಗ ಗಿಡ ತಾನೇ ನಿಲ್ಲುತ್ತದೆ.

ಇಲ್ಲಿ ಬಹಳ ಜನ ಎಡವುವ ಜಾಗ: ಗಿಡದ ಮೇಲೆ ಓಡುತ್ತಿರುವಾಗಲೇ ಹೊಸ ತುದಿ ಸೇರಿಸುವುದು. ಈಗ ಹುಟ್ಟಿದ ತುದಿಗೂ ಅದೇ ದಿನದ ಸರದಿ ಬರುತ್ತದೆ, ಅದೂ ಕವಲೊಡೆಯುತ್ತದೆ, ಒಂದೇ ದಿನದಲ್ಲಿ ಮೆಮೊರಿ ತುಂಬುತ್ತದೆ. ಮೊದಲು ಇವತ್ತಿನ ತುದಿಗಳ ಪಟ್ಟಿ ಮಾಡಿಕೊಳ್ಳಿ, ಆ ಪಟ್ಟಿಯ ಮೇಲೆ ಮಾತ್ರ ಕೆಲಸ ಮಾಡಿ.

ಸರಿಯಾಗಿದೆಯೇ ಎಂದು ತಿಳಿಯಲು ಕಡಿದು ನೋಡಿ. ಜಾಲಿಯನ್ನು ಬುಡಕ್ಕೆ ಕಡಿದರೆ ಕೂಳೆಯಿಂದ ಹಲವು ಚಿಗುರು ಏಳುತ್ತವೆ, ಹೊಲ ಸ್ವಚ್ಛ ಮಾಡಿಸಿದವರಿಗೆ ಆ ಕಷ್ಟ ಗೊತ್ತು. ಪ್ರೋಗ್ರಾಂನಲ್ಲಿ ಬುಡದ ತುಂಡಿಗೆ ಮೂರೋ ನಾಲ್ಕೋ ಮಲಗಿರುವ ಮೊಗ್ಗು ಕೊಡಿ, ತಲುಪಿದ ನೀರು ಮಿತಿ ಮೀರಿದಾಗ ಅವು ಏಳಲಿ. ಮೇಲಿನದನ್ನೆಲ್ಲ ಕಡಿದರೆ ಅಷ್ಟೂ ನೀರು ಬುಡದಲ್ಲೇ ಉಳಿಯುತ್ತದೆ, ಮೊಗ್ಗುಗಳು ಒಟ್ಟಿಗೆ ಎದ್ದು ನಿಲ್ಲುತ್ತವೆ. ಕಡಿದಾಗ ಚಿಗುರಲಿ ಎಂದು ಪ್ರತ್ಯೇಕ ನಿಯಮ ಬರೆಯಬೇಕಾಗಿ ಬಂದರೆ ನಿಮ್ಮ ನೀರಿನ ಓಟದಲ್ಲಿ ತಪ್ಪಿದೆ, ಹಿಂದೆ ಹೋಗಿ ನೋಡಿ.

ಹಂತ 6: ತಳಿ ಆರಿಸಿ

ಕೋನ, ಅನುಪಾತ, ಪಕ್ಷಪಾತ, ಕವಲೊಡೆಯುವ ಮಿತಿ: ಈ ನಾಲ್ಕನ್ನು ಒಂದು ಪಟ್ಟಿಯಲ್ಲಿಡಿ. ಅದೇ ಗಿಡದ ವಂಶವಾಹಿ. 30 ಗಿಡ ಬೆಳೆಸಿ, ಒಳ್ಳೆಯ 10 ಆರಿಸಿ, ಪ್ರತಿಯೊಂದರಿಂದ 3 ಮರಿ ಮಾಡಿ, ಮರಿಯ ಸಂಖ್ಯೆಗಳನ್ನು ಚೂರು ಅಲುಗಿಸಿ. ಹೀಗೆ 40 ತಲೆಮಾರು.

ಒಳ್ಳೆಯದು ಎಂದರೆ ಯಾವುದು? ಎತ್ತರಕ್ಕೆ ಅಂಕ ಕೊಟ್ಟರೆ ಕವಲೇ ಇಲ್ಲದ ಕಂಬ ಬರುತ್ತದೆ. ಹೂವಿಗೆ ಮಾತ್ರ ಕೊಟ್ಟರೆ ನೆಲಕ್ಕಂಟಿದ ಹೂವಿನ ಗುಡ್ಡೆ. ಇದು ದೊಡ್ಡವರಿಗೂ ತಪ್ಪಿದ್ದಲ್ಲ. ಕಂಪ್ಯೂಟರ್ ಗ್ರಾಫಿಕ್ಸ್‌ನ ಕಾರ್ಲ್ ಸಿಮ್ಸ್ 1994ರಲ್ಲಿ ರಿಕರ್ಷನ್‌ನಿಂದಲೇ ಹುಟ್ಟುವ ದೇಹಗಳಿಗೆ ನಡೆಯುವುದನ್ನು ಕಲಿಸಲು ಹೊರಟಾಗ, ನಡೆಯುವ ಬದಲು ಉದ್ದಕ್ಕೆ ಬೆಳೆದು ದೊಪ್ಪನೆ ಬೀಳುವುದರಿಂದಲೇ ವೇಗ ಗಿಟ್ಟಿಸುವ ದೇಹಗಳ ಕಾಟವಿತ್ತು. ನಿಮ್ಮ ಗಿಡಕ್ಕೆ 'ಹೂವಿನ ಸಂಖ್ಯೆ, ಅದರಲ್ಲಿ ಒಟ್ಟು ಕಾಂಡದ ಉದ್ದದ ಒಂದು ಪಾಲು ಕಳೆದು' ಎಂಬ ಅಂಕದಿಂದ ಶುರು ಮಾಡಿ. ಒಂದರ ಮೇಲೊಂದು ಹೂ ಬಿದ್ದರೆ ಒಂದೇ ಎಂದು ಎಣಿಸಿ, ಗುಡ್ಡೆಯಾಗುವುದು ನಿಲ್ಲುತ್ತದೆ.

ಒಂದು ಗುಂಪಿಗೆ ದಿನಕ್ಕೆ 100 ನೀರು, ಇನ್ನೊಂದಕ್ಕೆ 40 ಕೊಟ್ಟು ಪಕ್ಕಪಕ್ಕ ಓಡಿಸಿ. ಪ್ರಾಜೆಕ್ಟ್ ವರದಿಯಲ್ಲಿ ಈ ಎರಡು ಗುಂಪುಗಳ ಕೊನೆಯ ತಲೆಮಾರನ್ನು ಒಂದೇ ಪುಟದಲ್ಲಿ ತೋರಿಸಿ, ಉಳಿದ ಬಣ್ಣದ ಚಿತ್ರಗಳಿಗಿಂತ ಪರೀಕ್ಷಕರು ಕೇಳುವುದು ಇದರ ಬಗ್ಗೆಯೇ. ಯಾವ ಗಿಡವೂ 2,000 ತುದಿ ಮೀರದಂತೆ ಒಂದು ಕಡಿವಾಣ ಇರಲಿ, ಅಂಥ ಒಂದೇ ಒಂದು ಮರಿ ಹುಟ್ಟಿದರೂ ರಾತ್ರಿಯಿಡೀ ಓಟ ಅಲ್ಲೇ ನಿಂತಿರುತ್ತದೆ. ನಮ್ಮಲ್ಲಿ ಬೇಸಿಗೆಯ ಕರೆಂಟಿನ ಕಥೆ ಗೊತ್ತಲ್ಲ. ಪ್ರತಿ ತಲೆಮಾರು ಮುಗಿದ ಕೂಡಲೇ 30 ಗಿಡಗಳ ವಂಶವಾಹಿ, ಅಂಕ, ಸೀಡ್ ಮೂರನ್ನೂ ಒಂದು ಸಿಎಸ್‌ವಿ ಫೈಲಿಗೆ ಬರೆಯಿರಿ, ಫೈಲಿನ ಹೆಸರಿನಲ್ಲಿ ತಲೆಮಾರಿನ ಸಂಖ್ಯೆ ಇರಲಿ. ಚಿತ್ರ ಉಳಿಸುವ ಅಗತ್ಯವಿಲ್ಲ, ಈ ಮೂರು ಇದ್ದರೆ ಯಾವ ಗಿಡವನ್ನಾದರೂ ಮತ್ತೆ ಬೆಳೆಸಿಕೊಳ್ಳಬಹುದು.